ಬೂಟಿಗೆ ತಕ್ಕ ಕಾಲು

ಯಶವಂತಪುರದ ಸ್ಟೇಷನ್ನಿನಲ್ಲಿ ಯಲಹಂಕದ ಕಡೆಗೆ ಹೋಗುವ ರೈಲು ಹತ್ತಿದಾಗ ನಾವು ಹನ್ನೊಂದು ಜನ ಆಟಗಾರರಿದ್ದೆವು. ಜೊತೆಗೆ ಒಬ್ಬ ಮೇಷ್ಟ್ರು, ಒಂದು ಚೆಂಡು, ಒಂದು ಗೋಣಿಚೀಲ. ಹನ್ನೆರಡನೆಯವನೊಬ್ಬನಿದ್ದ, ಸೋಲುವುದಕ್ಕೆ ಭಾನುವಾರ ಯಾಕೆ ಎದ್ದು ಬರಬೇಕು ಎಂದು ಹಿಂದಿನ ದಿನವೇ ಹೇಳಿ ಮನೆಯಲ್ಲಿ ಉಳಿದಿದ್ದ. ಮೂರನೇ ದರ್ಜೆಯ ಟಿಕೆಟ್ಟು ಆಗ ಕೆಲವೇ ಆಣೆ, ದೂರ ಏಳೆಂಟು ಮೈಲಿ. ನನ್ನ ನೆನಪಿನಲ್ಲಿ ಆ ಬೆಳಿಗ್ಗೆ ಪ್ಲಾಟ್‌ಫಾರಂ ತುಂಬ ಮಂಜು ಕವಿದಿತ್ತು, ನಿಂತಿದ್ದ ಗೂಡ್ಸ್ ಗಾಡಿಯ ಕೊನೆ ಕಾಣುತ್ತಿರಲಿಲ್ಲ. ಸುಂದರನನ್ನು ಕೇಳಿದರೆ ಮಂಜೂ ಇರಲಿಲ್ಲ ಏನೂ ಇರಲಿಲ್ಲ, ಆಗಲೇ ಬಿಸಿಲು ಕುತ್ತಿಗೆ ಸುಡುತ್ತಿತ್ತು ಎನ್ನುತ್ತಾನೆ. ಸುಂದರ ನಮ್ಮ ತಂಡದ ಸೆಂಟರ್ ಫಾರ್ವರ್ಡ್, ಅಂದರೆ ಗೋಲು ಹೊಡೆಯಬೇಕಾಗಿದ್ದವನು. ಬೆಂಗಳೂರಿನ ಜನವರಿಯಲ್ಲಿ ಎರಡೂ ಸಾಧ್ಯ. ಎರಡನ್ನೂ ಬರೆದಿದ್ದೇನೆ.

ಆ ವರ್ಷ ನಾವು ಒಂದು ಆಟವನ್ನೂ ಗೆದ್ದಿರಲಿಲ್ಲ. ಮೊದಮೊದಲು ಸೋತಾಗ ರೆಫರಿಯನ್ನು ಬೈದೆವು. ಆಮೇಲೆ ಗಾಳಿಯನ್ನು, ನೆಲವನ್ನು, ಒಬ್ಬರನ್ನೊಬ್ಬರು ಬೈದೆವು. ಡಿಸೆಂಬರಿನ ಹೊತ್ತಿಗೆ ಬೈಗುಳವೂ ಬೇಸರ ತಂದಿತ್ತು. ಆಟ ಮುಗಿದ ಮೇಲೆ ಸುಮ್ಮನೆ ಬೂಟು ಬಿಚ್ಚಿ, ಗೋಣಿಚೀಲಕ್ಕೆ ಹಾಕಿ, ಮನೆಗೆ ಹೋಗುತ್ತಿದ್ದೆವು. ಕಾಲೇಜುಗಳ ನಡುವಿನ ಪಂದ್ಯಗಳೆಲ್ಲ ಮುಗಿದಿದ್ದವು. ಯಲಹಂಕದ ಊರಿನ ಹುಡುಗರು ಒಂದು ಸ್ನೇಹದ ಆಟಕ್ಕೆ ಕರೆದಿದ್ದರು. "ಒಂದಾದ್ರೂ ಗೆದ್ದು ವರ್ಷ ಮುಗಿಸೋಣ ಕಣ್ರಯ್ಯಾ, ನನ್ ಮುಖಕ್ಕಾದ್ರೂ" ಎಂದು ಶಿವಸ್ವಾಮಿ ಮೇಷ್ಟ್ರು ಒಪ್ಪಿಕೊಂಡುಬಿಟ್ಟಿದ್ದರು. ಅವರು ನಮ್ಮ ಆಟದ ಮೇಷ್ಟ್ರು. ಆ ವರ್ಷವೇ ಕೆಲಸಕ್ಕೆ ಸೇರಿದವರು. ಒಳ್ಳೆಯ ಮನುಷ್ಯರು; ಕಬಡ್ಡಿ ಬಲ್ಲವರು.

ಬೂಟುಗಳ ವಿಷಯ ಇಲ್ಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಬರಿಗಾಲಿನಲ್ಲಿ ಆಡುವ ಕಾಲ ಮುಗಿದು ಕಾಲೇಜು ಪಂದ್ಯಗಳಿಗೆ ಬೂಟು ಬೇಕೇ ಬೇಕು ಎಂದಾದಾಗ, ಶಿವಸ್ವಾಮಿಯವರಿಗಿಂತ ಮುಂಚೆ ಇದ್ದ ಮೇಷ್ಟ್ರು ಅಂದಿನ ಆಟಗಾರರ ಕಾಲಿನ ಅಳತೆ ಕೊಟ್ಟು ಹನ್ನೊಂದು ಜೊತೆ ಬೂಟು ಹೊಲಿಸಿದರು. ಅದಲುಬದಲಾಗದಿರಲಿ ಎಂದು ಒಂದೊಂದರ ಹಿಮ್ಮಡಿಯ ಮೇಲೂ ಬಿಳಿ ಬಣ್ಣದಲ್ಲಿ ಆಡುವವನ ಜಾಗ ಬರೆಸಿದರು: ಗೋಲ್‌ಕೀಪರ್, ಎಡ ಬ್ಯಾಕ್, ಸೆಂಟರ್ ಫಾರ್ವರ್ಡ್, ಹೀಗೆ. ಆ ಹುಡುಗರು ಓದು ಮುಗಿಸಿ ಹೋದರು. ಮೇಷ್ಟ್ರೂ ಹೋದರು. ಬೂಟು ಉಳಿದವು. ಜೂನ್ ತಿಂಗಳಲ್ಲಿ ಶಿವಸ್ವಾಮಿ ಮೇಷ್ಟ್ರು ಅವನ್ನು ವರಾಂಡದ ಉದ್ದಕ್ಕೂ ಸಾಲಾಗಿ ಜೋಡಿಸಿ, ಆಡಬೇಕೆಂದು ಬಂದವರನ್ನೆಲ್ಲ ಕರೆದು ಕಾಲು ತೂರಿಸಿ ನೋಡಲು ಹೇಳಿದರು. ಯಾರ ಕಾಲು ಯಾವುದಕ್ಕೆ ಸರಿಹೋಯಿತೋ ಅವರು ಅಲ್ಲಿ ಆಡತಕ್ಕದ್ದು. ನನ್ನ ಕಾಲು ಎಡ ಹಾಫ್, ಅಂದರೆ ನಡುಸಾಲಿನ ಎಡಗಡೆ, ಎಂದು ಬರೆದಿದ್ದ ಜೊತೆಯಲ್ಲಿ ನೆಮ್ಮದಿಯಾಗಿ ಕೂತಿತು. ಎಡಗಾಲಿನಲ್ಲಿ ನಾನು ಅಲ್ಲಿಯತನಕ ಚೆಂಡು ಒದ್ದವನೇ ಅಲ್ಲ. ನನಗಾಗಲಿ ಬೇರೆ ಯಾರಿಗಾಗಲಿ ಇದು ವಿಚಿತ್ರವೆಂದು ತೋರಲಿಲ್ಲ. ಫುಟ್‌ಬಾಲಿನಲ್ಲಿ ಎಲ್ಲ ಕಡೆಯೂ ಹೀಗೇ ಆರಿಸುತ್ತಾರೇನೋ ಎಂದುಕೊಂಡೆವು.

ಮುನಿರಾಜನ ಕಾಲು ಯಾವುದಕ್ಕೂ ಹಿಡಿಯಲಿಲ್ಲ. ಅವನು ತಣಿಸಂದ್ರದವನು. ಅಲ್ಲಿಂದ ಹೊಲಗಳ ನಡುವೆ ಬರಿಗಾಲಲ್ಲಿ ನಡೆದು ಬಂದು, ಕಾಲೇಜಿನ ಗೇಟಿನ ಹತ್ತಿರ ಮಾತ್ರ ಚಪ್ಪಲಿ ಹಾಕುತ್ತಿದ್ದ. ಅವನ ಪಾದ ಮುಂದಕ್ಕೆ ಬೀಸಣಿಗೆಯ ಹಾಗೆ ಅಗಲವಾಗಿತ್ತು. ಹಳೆಯ ಗೋಲ್‌ಕೀಪರ್, ನಮ್ಮ ಬಾಯಲ್ಲಿ ಗೋಲಿ, ಆರಡಿಯ ಆಳಂತೆ. ಅವನ ಬೂಟು ಮಾತ್ರ ಮುನಿರಾಜನನ್ನು ಒಳಗೆ ಬಿಟ್ಟುಕೊಂಡಿತು. ಹೀಗಾಗಿ ಊರಿನ ಬಯಲಿನಲ್ಲಿ ಐದು ಜನರ ನಡುವೆ ಚೆಂಡು ತೂರಿಸಿಕೊಂಡು ಹೋಗುವವನು ವರ್ಷವೆಲ್ಲ ಎರಡು ಕಂಬಗಳ ನಡುವೆ ನಿಂತು, ಸುಂದರ ಅತ್ತ ಕಡೆ ತಪ್ಪಿಸಿಕೊಳ್ಳುವ ಗೋಲುಗಳನ್ನು ನೋಡುತ್ತಿದ್ದ.

ರೈಲು ಹೊರಟಿತು. ಬೋಗಿಯಲ್ಲಿ ಸೊಪ್ಪು ಮಾರಿ ಖಾಲಿ ಬುಟ್ಟಿಯೊಡನೆ ಊರಿಗೆ ಹೊರಟ ಹೆಂಗಸರು ತುಂಬಿದ್ದರು. ಗೋಣಿಚೀಲದ ವಾಸನೆಗೆ ಒಬ್ಬಾಕೆ ಮೂಗು ಮುಚ್ಚಿಕೊಂಡು, "ಏನ್ರಪ್ಪಾ ಅದು, ಸತ್ತ ಎಗ್ಣನಾ?" ಎಂದಳು.

"ಬೂಟು ಕಣಮ್ಮಾ, ಆಟದ ಬೂಟು" ಎಂದ ಸುಂದರ.

"ಅಂಗಾರೆ ಆಟ ಗೆದ್ದಂಗೇ ಬುಡು. ಈ ವಾಸ್ನೆಗೆ ಎದ್ರುಗಿರೋರು ನಿಂತಾರಾ?"

ಬೋಗಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಮುನಿರಾಜ ನಗಲಿಲ್ಲ. ಹೊಲಗಳಲ್ಲಿ ರಾಗಿ ಕೊಯ್ದ ಕೂಳೆ ಕಾಣುತ್ತಿತ್ತು, ಅಲ್ಲಲ್ಲಿ ಬಣವೆ. ಕೊಡಿಗೇಹಳ್ಳಿ ದಾಟುವಾಗ ಅವನು ಎದ್ದು ಮೇಷ್ಟ್ರ ಎದುರಿನ ಹಲಗೆಯ ಮೇಲೆ ಕೂತ.

"ಸಾ, ಒಂದ್ ಮಾತು ಕೇಳ್ಲಾ?"

"ಕೇಳಯ್ಯಾ."

"ಇವತ್ತು ನಾನು ಮುಂದ್ಕಡೆ ಆಡ್ತೀನಿ ಸಾ. ಫಾರ್ವರ್ಡು."

ಮೇಷ್ಟ್ರು ಅವನ ಮುಖ ನೋಡದೆ ಕಾಲು ನೋಡಿದರು. ಆಗ ಮುನಿರಾಜ ಇದ್ದ ವಿಷಯ ಹೇಳಿದ. ಯಶವಂತಪುರದ ಕಡೆಯ ಒಂದು ಮಿಲ್ಲಿನಲ್ಲಿ ಫುಟ್‌ಬಾಲ್ ತಂಡವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ದೊರೆಸ್ವಾಮಿ ಎಂಬುವರು ತಣಿಸಂದ್ರದ ಬಯಲಿನಲ್ಲಿ ಇವನ ಆಟ ಕಂಡಿದ್ದರಂತೆ. ಮಿಲ್ಲಿನವರು ಆಡುವುದು ಬೂಟು ಹಾಕಿಕೊಂಡು. ಬೂಟಿನಲ್ಲೂ ಇದೇ ಆಟ ಬರುತ್ತದೋ ನೋಡಬೇಕು, ಯಲಹಂಕಕ್ಕೆ ಬರ್ತೀನಿ ಎಂದಿದ್ದರಂತೆ. ಸರಿಕಂಡರೆ ಮಿಲ್ಲಿನಲ್ಲಿ ಕೆಲಸ, ತಂಡದಲ್ಲಿ ಜಾಗ. ಇಲ್ಲವಾದರೆ ಅವನ ತಂದೆ ಆಗಲೇ ತೀರ್ಮಾನ ಮಾಡಿದ್ದರು: ಓದು ತಲೆಗೆ ಹತ್ತುತ್ತಿಲ್ಲ, ಚೆಂಡು ಹೊಟ್ಟೆಗೆ ಹತ್ತುವುದಿಲ್ಲ, ಯುಗಾದಿ ಕಳೆದ ಮೇಲೆ ಸೋದರಮಾವನ ಇಟ್ಟಿಗೆ ಗೂಡಿಗೆ ಹೋಗಬೇಕು.

"ಗೂಡಿಗೋದ್ರೆ ಚೆಂಡು ಮುಗೀತು ಸಾ" ಎಂದ. "ಭಾನ್ವಾರಾನೂ ಬೆಂಕಿ ಕಾಯ್ಬೇಕು."

"ಅಲ್ಲಯ್ಯಾ, ನಿನ್ನ ಕಾಲು ಫಾರ್ವರ್ಡ್ ಬೂಟಿಗೆ ಹೋಗಲ್ವಲ್ಲ."

"ಗೋಲಿ ಬೂಟೇ ಆಕ್ಕೊಂಡು ಮುಂದ್ಕೋಯ್ತೀನಿ ಸಾ."

ಏಳು ತಿಂಗಳಲ್ಲಿ ಇದು ಒಬ್ಬರ ತಲೆಗೂ ಬಂದಿರಲಿಲ್ಲ. ಎಷ್ಟು ಸುಲಭದ ಮಾತಾಗಿತ್ತೆಂದರೆ ಅದರಲ್ಲಿ ಏನೋ ತಪ್ಪಿರಬೇಕು ಎಂದೇ ಅನ್ನಿಸಿತು. ಮೇಷ್ಟ್ರಿಗೂ ಹಾಗೇ ಅನ್ನಿಸಿರಬೇಕು. "ಮತ್ತೆ ಗೋಲಿಗೆ ಯಾರು? ಬೂಟಿಲ್ದೆ ಹ್ಯಾಗೆ ನಿಂತ್ಕೋತಾನೆ?" ಎಂದರು.

"ನಾನ್ ನಿಂತ್ಕೋತೀನಿ ಸಾರ್, ನನ್ ಬೂಟಲ್ಲೇ" ಎಂದ ಸುಂದರ. "ಹೆಂಗೂ ಫಾರ್ವರ್ಡಲ್ಲಿ ನಾನ್ ಕಿಸಿದಿದ್ದು ಅಷ್ಟರಲ್ಲೇ ಇದೆ."

ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತ ಲೆಕ್ಕ ಹಾಕಿದರು. ಗೆಲ್ಲಬೇಕೆಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು. ಈ ಹುಡುಗನ ಮಾತೂ ಮನಸ್ಸಿಗೆ ತಾಗಿತ್ತು. ಕೊನೆಗೆ ಎರಡನ್ನೂ ಕೂಡಿಸಿ ಒಂದು ತೀರ್ಪು ಕೊಟ್ಟರು. ಮೊದಲರ್ಧ ಮುನಿರಾಜ ಗೋಲಿನಲ್ಲೇ ನಿಲ್ಲಬೇಕು. ಒಂದು ಗೋಲೂ ಬಿಡಬಾರದು. ಬಿಡದಿದ್ದರೆ ಎರಡನೆಯ ಅರ್ಧ ಮುಂದಕ್ಕೆ ಹೋಗಬಹುದು.

"ಒಂದು ಬಿಟ್ರೂ?"

"ಬಿಟ್ರೆ ಅಲ್ಲೇ ಇರು. ಇನ್ನೂ ಬಿಡದೇ ಇರೋದಕ್ಕೆ ನೀನೇ ಬೇಕಲ್ಲ."

ಯಲಹಂಕ ಬಂತು. ಕೋಲಾರದ ಕಡೆಯ ಸಣ್ಣ ರೈಲು ಪಕ್ಕದಲ್ಲಿ ನಿಂತು ಹೊಗೆ ಬಿಡುತ್ತಿತ್ತು. ಅದರ ಬೋಗಿಗಳು ನಮ್ಮ ರೈಲಿನವಕ್ಕೆ ಮರಿಗಳ ಹಾಗೆ ಕಂಡವು. ಸ್ಟೇಷನ್ನಿನಿಂದ ಊರೊಳಕ್ಕೆ ನಡೆದೆವು. ಪೇಟೆಯ ಒಂದು ಹೋಟೆಲಿನಲ್ಲಿ ಮೇಷ್ಟ್ರು ಎಲ್ಲರಿಗೂ ಖಾಲಿ ದೋಸೆ ಕೊಡಿಸಿದರು. ಚಟ್ನಿ ನೀರಾಗಿತ್ತು, ಕಾಫಿ ಚೆನ್ನಾಗಿತ್ತು. ಮುನಿರಾಜ ತನ್ನ ದೋಸೆ ನನಗೆ ದಾಟಿಸಿದ. ಹೊಟ್ಟೆ ಭಾರವಾದರೆ ಎಗರುವುದಕ್ಕೆ ಆಗುವುದಿಲ್ಲ ಎಂದ. ನಾನು ತಿಂದೆ.

ಯಲಹಂಕ ತಂಡದ ಮುಂದಾಳು ಪಿಳ್ಳಪ್ಪ ಎಂಬ ದಪ್ಪ ಮೀಸೆಯವನು ಹೋಟೆಲಿನ ಬಾಗಿಲಿಗೇ ಬಂದು ನಮ್ಮನ್ನು ಕರೆದುಕೊಂಡು ಹೋದ. "ನಮ್ದೇನು ಗ್ರೌಂಡು ಅಂಬಂಗಿಲ್ಲ ಸಾ, ಕೆರೆ ಅಂಗ್ಳ" ಎಂದ. ಅದು ನಿಜ. ಕೆರೆಯ ನೀರು ಹಿಂದೆ ಸರಿದು ಬಿಟ್ಟ ಜಾಗದಲ್ಲಿ ಬಿದಿರಿನ ಗಳ ನೆಟ್ಟು ಗೋಲು ಕಟ್ಟಿದ್ದರು. ಏರಿಯ ಕಡೆಯ ಅರ್ಧ ಗಟ್ಟಿ ನೆಲ, ನೀರಿನ ಕಡೆಯ ಅರ್ಧ ಮೆತ್ತಗೆ ಕುಸಿಯುವ ಮಣ್ಣು. ಎಮ್ಮೆಗಳನ್ನು ಅದೇ ತಾನೇ ಓಡಿಸಿದ್ದರ ಗುರುತು ಎಲ್ಲ ಕಡೆ ಇತ್ತು. ಯಲಹಂಕದ ತಂಡದವರು ಬರಿಗಾಲಿನವರು. ನಾವು ಬೂಟು ಕಟ್ಟಿಕೊಳ್ಳುತ್ತಿರುವಾಗ ಊರಿನವರು ಸುತ್ತ ನಿಂತು ಹಿಮ್ಮಡಿಯ ಮೇಲಿನ ಬಿಳಿ ಅಕ್ಷರಗಳನ್ನು ಬಾಯಿಬಿಟ್ಟು ಓದಿದರು. "ಯಾವನು ಎಲ್ ನಿಂತ್ಕೋಬೇಕು ಅಂತ ಬರ್ಕೊಂಡ್ ಬಂದವ್ರೆ ಕಣ್ಲಾ, ಮರ್ತೋಯ್ತಾರಂತೆ!" ಎಂದು ಒಬ್ಬ ಕೂಗಿದ.

ದೊರೆಸ್ವಾಮಿ ಬಂದದ್ದು ಸೈಕಲ್ಲಿನಲ್ಲಿ. ಯಶವಂತಪುರದಿಂದ ಅಷ್ಟು ದೂರವೂ ತುಳಿದುಕೊಂಡೇ ಬಂದಿದ್ದರು. ಕುತ್ತಿಗೆಗೆ ಮಫ್ಲರ್, ಕಂಕುಳಲ್ಲಿ ಕೊಡೆ. ಏರಿಯ ಮೇಲೆ ಸೈಕಲ್ ನಿಲ್ಲಿಸಿ, ಕೊಡೆ ಬಿಡಿಸಿ ಅದರ ನೆರಳಿನಲ್ಲಿ ಕೂತರು. ಮುನಿರಾಜ ಓಡಿಹೋಗಿ ಏನೋ ಹೇಳಿದ. ಅವರು ನಶ್ಯ ಏರಿಸುತ್ತ ತಲೆಯಾಡಿಸಿದರು. ಮೊದಲರ್ಧ ಗೋಲಿನಲ್ಲಿರುತ್ತೇನೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹೇಳಿ ಬಂದನಂತೆ.

ಮೊದಲರ್ಧವನ್ನು ನಾನು ಹೆಚ್ಚಾಗಿ ಹಿಂದಕ್ಕೆ ತಿರುಗಿಯೇ ನೋಡಿದೆ, ಯಾಕೆಂದರೆ ಚೆಂಡು ಸದಾ ನಮ್ಮ ಗೋಲಿನ ಹತ್ತಿರವೇ ಇತ್ತು. ಯಲಹಂಕದವರು ಬರಿಗಾಲಿನಲ್ಲಿ ಆ ಮಣ್ಣಿನ ಮೇಲೆ ಕೊಕ್ಕರೆಗಳ ಹಾಗೆ ಹಗುರಾಗಿ ಓಡಾಡಿದರು. ನಮ್ಮ ಬೂಟು ಹೆಜ್ಜೆಹೆಜ್ಜೆಗೂ ಮಣ್ಣು ಮೆತ್ತಿಕೊಂಡು ಭಾರವಾದವು. ಮುನಿರಾಜ ಮಾತ್ರ ಆ ದಿನ ಬೇರೆಯವನಾಗಿದ್ದ. ವರ್ಷವೆಲ್ಲ ಬೇಸರದಿಂದ ಕೈಚಾಚುತ್ತಿದ್ದವನು ಈಗ ಎದೆ ಕೊಟ್ಟು, ಮುಖ ಕೊಟ್ಟು ತಡೆದ. ಪಿಳ್ಳಪ್ಪ ಹತ್ತಿರದಿಂದ ಒದ್ದ ಒಂದು ಚೆಂಡನ್ನು ಅವನು ಬೆರಳ ತುದಿಯಲ್ಲಿ ಮೇಲಕ್ಕೆ ಎತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಸುಂದರನಿಗೆ ನೆನಪಿರುವುದು ಅದನ್ನು ಅವನು ಕಾಲಿನಲ್ಲಿ ತಡೆದದ್ದು. ಹೇಗೋ ತಡೆದ. ಪಿಳ್ಳಪ್ಪ ಕೆಸರಿನಲ್ಲಿ ಮಂಡಿಯೂರಿ, "ಅಯ್ಯೋ ನಿನ್ ಮನೆ ಕಾಯ್ವಾಗ! ಎಂಟು ಕೈ ಮಡಿಕ್ಕೊಂಡಿದ್ದೀಯಲ್ಲೋ!" ಎಂದ. ನಮ್ಮ ಹಿಂದೆ ಊರಿನ ಜನ ತಮ್ಮ ತಂಡವನ್ನು ಬಿಟ್ಟು ಮುನಿರಾಜನಿಗೇ ಶಿಳ್ಳೆ ಹಾಕತೊಡಗಿದರು.

ಅರ್ಧ ಮುಗಿದಾಗ ಗೋಲು ಇಲ್ಲ. ಆ ವರ್ಷ ಅಷ್ಟು ಹೊತ್ತು ನಾವು ಸೋಲದೆ ಇದ್ದದ್ದು ಅದೇ ಮೊದಲು. ಊರಿನವರು ಮೊರದ ತುಂಬ ಬೇಯಿಸಿದ ಅವರೆಕಾಯಿ ತಂದು ನಡುವೆ ಇಟ್ಟರು. ಎರಡೂ ತಂಡದವರು ಸುತ್ತ ಕೂತು ಸುಲಿದು ತಿಂದೆವು. ಮೇಷ್ಟ್ರ ಮುಖದಲ್ಲಿ ಗೆಲುವಿನ ಆಸೆ ಹೊತ್ತಿಕೊಂಡದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

"ಮುನಿರಾಜಾ" ಎಂದರು ಮೆಲ್ಲಗೆ, "ಇನ್ನೊಂದು ಅರ್ಧ ಹಿಂಗೇ ನಿಂತ್ರೆ ಡ್ರಾ ಆದ್ರೂ ಆಗುತ್ತಲ್ಲಪ್ಪಾ."

ಮುನಿರಾಜ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದ. "ಮಾತ್ ಕೊಟ್ಟಿದ್ರಿ ಸಾ" ಎಂದ, ಅಷ್ಟೇ. ಮೇಷ್ಟ್ರು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದರು. ಯಾರೂ ಅವರ ಪರವಾಗಿ ಮಾತಾಡಲಿಲ್ಲ. "ಹೋಗಯ್ಯಾ, ಹೋಗು" ಎಂದು ಕೈಬೀಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಎರಡನೆಯ ಅರ್ಧದಲ್ಲಿ ಅವನು ಚೆನ್ನಾಗಿ ಆಡಿದನೇ? ಇಷ್ಟು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ನಾನಿದ್ದದ್ದು ಅವನ ಹಿಂದೆ. ಬೆನ್ನು ಮಾತ್ರ ಕಾಣುತ್ತಿತ್ತು. ಚೆಂಡು ಮೊದಲ ಸಲ ಸಿಕ್ಕಾಗ ಮೂವರನ್ನು ತಪ್ಪಿಸಿಕೊಂಡು ನೀರಿನ ಕಡೆಯಿಂದ ನುಗ್ಗಿ ಒದ್ದ. ಚೆಂಡು ಬಿದಿರಿನ ಗಳಕ್ಕೆ ಬಡಿಯಿತು, ಇಡೀ ಗೋಲೇ ಅಲುಗಾಡಿ ಓರೆಯಾಯಿತು. ಅದನ್ನು ಸರಿಯಾಗಿ ನಿಲ್ಲಿಸುವ ತನಕ ಆಟ ನಿಂತಿತು. ಆಮೇಲೂ ಓಡಿದ. ಆದರೆ ಅವನ ಪಾದದ ಅಗಲಕ್ಕೆ ಬಿಗಿಯಾಗಿ, ಉದ್ದಕ್ಕೆ ಮಿಕ್ಕಿದ್ದ ಬೂಟಿನೊಳಗೆ ಕೆಸರು ನೀರು ಸೇರಿ, ಚೆಂಡು ಕಾಲಿನಿಂದ ಒಂದು ಗೇಣು ದೂರ ಹೋಗಿ ಬೀಳತೊಡಗಿತು. ಒಂದು ಸಲ ಖಾಲಿ ಗೋಲಿನ ಎದುರು ಜಾರಿ ಕೂತುಬಿಟ್ಟ. ಕೂತವನು ತಕ್ಷಣ ಎದ್ದು ಏರಿಯ ಕಡೆ ನೋಡಿದ. ದೊರೆಸ್ವಾಮಿ ಮೂಗು ಒರೆಸಿಕೊಳ್ಳುತ್ತಿದ್ದರು.

ಇತ್ತ ಸುಂದರ ಗೋಲು ಬಿಡುತ್ತಲೇ ಹೋದ. ನನ್ನ ಲೆಕ್ಕದಲ್ಲಿ ನಾಲ್ಕು. ಅವನು ಮೂರು ಎನ್ನುತ್ತಾನೆ. ನಿಂತಿದ್ದವನು ಅವನೇ ಆದ್ದರಿಂದ ಒಂದು ಕಡಿಮೆಯಾಗುವುದು ಸಹಜ. ಸೋತೆವು. ಪಿಳ್ಳಪ್ಪನ ಕಡೆಯವರು ನಮ್ಮನ್ನು ತಬ್ಬಿಕೊಂಡರು. ಬಾವಿಯ ನೀರು ಸೇದಿ ನಮ್ಮ ಕಾಲಿಗೆ ಸುರಿದರು. ವರ್ಷ ಮುಗಿಯಿತು ಎಂದು ಎಲ್ಲರಿಗೂ ಅನ್ನಿಸಿತು.

ದೊರೆಸ್ವಾಮಿ ಸೈಕಲ್ ತಳ್ಳಿಕೊಂಡು ಕೆಳಗಿಳಿದು ಬಂದರು. ಮುನಿರಾಜ ಒದ್ದೆ ಕಾಲಿನಲ್ಲಿ ಎದ್ದು ನಿಂತ.

"ಎಷ್ಟು ದಿನದಿಂದ ಗೋಲಿ ನಿಲ್ತಿದ್ದೀಯಪ್ಪಾ?"

"ಈ ವರ್ಸ ಸಾ. ಕಾಲು ಇಡೀಲಿಲ್ಲ ಅಂತ."

"ನಮ್ ಗೋಲಿಗೆ ವಯಸ್ಸಾಯ್ತು. ಭುಜ ಹೋಗಿದೆ. ನಾಳೆ ಬೆಳಿಗ್ಗೆ ಶಿಫ್ಟಿಗೆ ಮುಂಚೆ ಗೇಟ್ ಹತ್ರ ಬಾ. ನಾನ್ ಮಾತಾಡಿರ್ತೀನಿ."

"ಫಾರ್ವರ್ಡು ಸಾ ನಾನು. ನೀವ್ ಬಂದಾಗ್ಲೇ ಏಳಿದ್ನಲ್ಲಾ."

"ಫಾರ್ವರ್ಡ್ ನಮ್ ಹತ್ರ ಬೇಕಾದಷ್ಟು ಇದಾರೆ. ನಿನ್ಗಿಂತ ಚೆನ್ನಾಗಿ ಆಡೋರು ಇಬ್ರಾದ್ರೂ ಇದಾರೆ." ದೊರೆಸ್ವಾಮಿ ಇದನ್ನು ಒರಟಾಗಿ ಹೇಳಲಿಲ್ಲ, ಬಟ್ಟೆಯ ಅಗಲ ಹೇಳುವ ಅಂಗಡಿಯವನ ಹಾಗೆ ಹೇಳಿದರು. "ಗೋಲಿ ನಿಲ್ಲೋದಾದ್ರೆ ಬಾ. ಇಲ್ದಿದ್ರೆ ಬೇಡ. ಬಲವಂತ ಇಲ್ಲ." ಸೈಕಲ್ ಹತ್ತಿ ಹೊರಟುಹೋದರು.

ಇದನ್ನು ಹೀಗೆ ಬರೆದಾಗ ಯಾರೋ ಕೂತು ಹೆಣೆದ ಕಥೆಯ ಹಾಗಿದೆ: ಮುಂದೆ ಹೋಗಲೆಂದು ಅಷ್ಟು ಚೆನ್ನಾಗಿ ತಡೆದವನು ಆ ತಡೆದದ್ದಕ್ಕೇ ಸಿಕ್ಕಿಬಿದ್ದ. ಆ ಸಂಜೆ ನಮಗೆ ಹಾಗೇನೂ ತೋರಲಿಲ್ಲ. ಕಾಲು ನೋಯುತ್ತಿತ್ತು, ಹಸಿವಾಗಿತ್ತು, ರೈಲು ತಡ ಎಂದು ಸ್ಟೇಷನ್ನಿನಿಂದ ಬಂದವರು ಹೇಳಿದರು. ಮುನಿರಾಜನಿಗೆ ಹೇಗೂ ಜಕ್ಕೂರಿನ ಕಡೆಯಿಂದ ತಣಿಸಂದ್ರಕ್ಕೆ ನಡೆದು ಹೋಗುವುದಿತ್ತು. ಬಸ್ಸು ಎಲ್ಲಿ ಸಿಕ್ಕಿದರೆ ಅಲ್ಲಿ ಹತ್ತೋಣ ಎಂದು ನಾವೂ ಅವನ ಜೊತೆ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ದಿಕ್ಕಿಗೆ ನಡೆದೆವು. ಗೋಣಿಚೀಲವನ್ನು ಇಬ್ಬಿಬ್ಬರು ಸರದಿಯ ಮೇಲೆ ಹೊತ್ತೆವು. ಕೆಸರು ಸೇರಿ ಅದರ ತೂಕ ದುಪ್ಪಟ್ಟಾಗಿತ್ತು. ರಸ್ತೆಯ ಮೇಲೆ ಹುರುಳಿ ಹರಡಿದ್ದರು, ಲಾರಿ ಬಸ್ಸುಗಳು ತುಳಿದು ಕಾಳು ಬಿಡಿಸಲೆಂದು. ಅದರ ಮೇಲೆ ನಡೆದರೆ ಕಾಲಿಗೆ ಹಿತವಾಗುತ್ತಿತ್ತು.

ಮೊದಲು ಬಾಯಿ ಬಿಟ್ಟವನು ಸುಂದರ. "ಲೋ ಮುನಿರಾಜಾ, ಕೆಲ್ಸ ಸಿಕ್ತಲ್ಲೋ. ಮುಖ ಯಾಕ್ ಹಂಗ್ ಮಾಡ್ಕೊಂಡಿದೀಯ? ಕಾಫಿ ಕೊಡ್ಸು ಮೊದ್ಲು."

"ನೀನ್ ಆ ಮೂರು ತಡ್ದಿದ್ರೆ ಕೊಡಿಸ್ತಿದ್ದೆ."

"ನಾಲ್ಕು" ಎಂದೆ ನಾನು.

ಮುನಿರಾಜ ನಕ್ಕ. ಆಮೇಲೆ ಯಾರಿಗೆಂದಿಲ್ಲದೆ ಹೇಳಿದ: "ಗೋಲಿ ನಿಂತ್ರೆ ಆಟ ಎಲ್ಲಾ ಕಾಣಿಸ್ತದೆ ಕಣ್ರೋ. ಯಾರ್ ಯಾರ್ಗೆ ಕೊಡ್ಬೇಕಾಗಿತ್ತು, ಯಾರ್ ತಪ್ಪುಸ್ದ, ಎಲ್ಲಾ. ಕಾಣಿಸ್ತದೆ ಅಷ್ಟೇ. ಓಗಾಕಾಗಲ್ಲ."

ಮೇಷ್ಟ್ರು ಅವನ ಪಕ್ಕಕ್ಕೆ ಬಂದರು. "ನೋಡಪ್ಪಾ, ನನಗೆ ಫುಟ್‌ಬಾಲ್ ಗೊತ್ತಿಲ್ಲ. ಗೊತ್ತಿದ್ದಿದ್ರೆ ಜೂನ್‌ನಲ್ಲೇ ನಿನ್ನ ಮುಂದೆ ಹಾಕ್ತಿದ್ದೆ" ಎಂದರು. "ಆಗ ಇವತ್ತು ಈ ಕೆಲಸ ಸಿಕ್ತಿತ್ತೋ ಇಲ್ವೋ, ಅದೂ ಗೊತ್ತಿಲ್ಲ" ಎಂದು ಸೇರಿಸಿದರು. ಮುನಿರಾಜ ಮೇಷ್ಟ್ರ ಹೆಗಲ ಮೇಲಿದ್ದ ಚೀಲದ ಕಡೆಯನ್ನು ತಾನು ತೆಗೆದುಕೊಂಡ.

ಜಕ್ಕೂರಿನ ದಾರಿ ಒಡೆಯುವ ಹತ್ತಿರ ಒಂದು ಮೋರಿ ಇತ್ತು. ಆಚೆ ಕಡೆ ದ್ರಾಕ್ಷಿ ತೋಟದ ಕಲ್ಲುಕಂಬಗಳು. ಬಸ್ಸು ಬರುವ ತನಕ ಕೂರೋಣ ಎಂದು ಎಲ್ಲರೂ ಮೋರಿಯ ಕಟ್ಟೆಯ ಮೇಲೆ ಕುಸಿದೆವು. ಮುನಿರಾಜ ಕೂರಲಿಲ್ಲ. ಚೀಲ ಕೆಳಗಿಟ್ಟು, "ಬತ್ತೀನಿ ಸಾ" ಎಂದು ಮೇಷ್ಟ್ರಿಗೆ ಕೈ ಮುಗಿದು ಎಡಗಡೆಯ ಗಾಡಿದಾರಿ ಹಿಡಿದ. ಹೊತ್ತು ಇಳಿಯುತ್ತಿತ್ತು. ಹುಣಸೆಮರದ ತನಕ ಹೋದವನು ತಿರುಗಿ ನಿಂತ.

"ಸಾ, ನಾಳೆಯಿಂದ ನಾನ್ ಕಾಲೇಜ್ಗೆ ಬರಾಕಿಲ್ಲ" ಎಂದು ಕೂಗಿದ. "ಆಜ್ರಿ ಕೂಗ್ಬ್ಯಾಡಿ ಅಂತ ಏಳ್ಬುಡಿ."

ಮೇಷ್ಟ್ರಿಗೆ ಕೇಳಿಸಲಿಲ್ಲ. "ಏನಂತೆ?" ಎಂದು ನನ್ನ ಕಡೆ ತಿರುಗಿದರು.

"ಮಿಲ್ಲಿಗೆ ಹೋಗ್ತಾನಂತೆ ಸಾರ್."

"ಗೋಲಿಗಾ?"

"ಹೂಂ ಸಾರ್. ಗೋಲಿಗೇ."

ಅವರು ಎದ್ದು ನಿಂತು, ಎರಡೂ ಕೈಯನ್ನು ಮೇಲೆತ್ತಿ ಅವನಿಗೆ ಆಡಿಸಿದರು. ಅವನೂ ಒಂದು ಕೈ ಎತ್ತಿದ. ನಮ್ಮಲ್ಲಿ ಒಬ್ಬರಾದರೂ ಜೈಕಾರ ಹಾಕಬಹುದಿತ್ತು; ವರ್ಷದಲ್ಲಿ ನಮ್ಮ ಕಡೆಗೆ ಬಂದ ಒಂದೇ ಒಂದು ಗೆಲುವು ಅದು, ಗೆಲುವೇ ಆಗಿದ್ದರೆ. ಹೇಗೆ ಕೂಗಬೇಕೆಂದು ಯಾರಿಗೂ ಅಭ್ಯಾಸವಿರಲಿಲ್ಲ.

ಬಸ್ಸು ಬಂತು. ಕಂಡಕ್ಟರ್ ಚೀಲವನ್ನು ಮೇಲೆ ಹಾಕಿ ಎಂದ, ಹಾಕಿದೆವು. ನನಗೆ ಜಾಗ ಸಿಕ್ಕಿದ್ದು ಬಲಗಡೆಯ ಕಿಟಕಿಯಲ್ಲಿ. ತಣಿಸಂದ್ರದ ದಾರಿ ಎಡಗಡೆಗಿತ್ತು. ಎದ್ದು ಆ ಬದಿಗೆ ಹೋಗಿ ಬಗ್ಗಿದ್ದರೆ ಅವನು ಇನ್ನೂ ಕಾಣುತ್ತಿದ್ದನೇನೋ. ಕಾಲು ಎತ್ತಲು ಆಗಲಿಲ್ಲ, ಕೂತೇ ಇದ್ದೆ.